ಕಿವಿ ಕೇಳುತ್ತದೆ, ಆದರೂ ತಿರುಗುವುದಿಲ್ಲ

ಅಕ್ಕನ ಮಗ ಪುಟ್ಟನಿಗೆ ಆಗ ಎರಡು ವರ್ಷ. ಹೆಸರು ಹಿಡಿದು ಹತ್ತು ಸಲ ಕರೆದರೂ ತಲೆ ಎತ್ತುತ್ತಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಚಿಪ್ಸ್ ಪ್ಯಾಕೆಟ್ ಹರಿದ ಸದ್ದಾದರೆ ಸಾಕು, ನಡುಮನೆಯಿಂದ ಓಡಿ ಬರುತ್ತಿದ್ದ. ಕುಕ್ಕರ್ ಕೂಗಿದರೆ ಎರಡೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಿದ್ದ. ‘ಕಿವಿ ಚೆನ್ನಾಗೇ ಕೇಳ್ಸುತ್ತೆ. ಹಠ, ಅಷ್ಟೇ’ ಎಂದು ಅಮ್ಮ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಬಿ.ಎಸ್ಸಿ ಮುಗಿಸಿ ಕಡೂರಿನ ಮನೆಯಲ್ಲಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದವಳು ನಾನು. ಭಾವನಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ. ಹಾಗಾಗಿ ಅಕ್ಕ, ಪುಟ್ಟ ನಮ್ಮಲ್ಲೇ ಇದ್ದರು. ಅಕ್ಕ ಹೊಲಿಗೆಗೆ ಕೂತಾಗ ಪುಟ್ಟ ನನ್ನ ಪಾಲಿಗೆ. ನಾಲ್ಕು ಪುಟ ಓದಬೇಕೆಂದರೆ ಅವನ ಕೈಗೆ ನನ್ನ ಮೊಬೈಲ್ ಕೊಟ್ಟುಬಿಡುತ್ತಿದ್ದೆ. ಈ ಮಾತು ಮತ್ತೆ ಬರುತ್ತದೆ.

ಮೊದಲು ತೋರಿಸಿದ್ದು ಮಕ್ಕಳ ಡಾಕ್ಟರಿಗೆ. ‘ಗಂಡುಮಕ್ಕಳಿಗೆ ಮಾತು ತಡ. ಮೂರು ವರ್ಷದವರೆಗೆ ನೋಡೋಣ’ ಎಂದರು. ಭಾವನಿಗೂ ಮಾತು ಬಂದದ್ದು ತಡವಾಗಿಯೇ ಎಂದು ಅಕ್ಕನ ಅತ್ತೆ ಸಾಕ್ಷಿ ಹೇಳಿದರು. ನಮಗೆ ಬೇಕಾಗಿದ್ದ ಉತ್ತರವೂ ಅದೇ. ಎಂಟು ತಿಂಗಳು ಕಾದೆವು. ಅಷ್ಟರಲ್ಲಿ ಅವನಿಗಿದ್ದ ‘ಅಜ್ಜಿ’, ‘ಬಸ್ಸು’ ಎಂಬ ಎರಡು ಮಾತೂ ಹೋದವು.

ಆಮೇಲೆ ಕಿವಿ ಪರೀಕ್ಷೆ. ಅದಕ್ಕೆ ಬೇರಾ ಎನ್ನುತ್ತಾರೆ. ಮಗುವನ್ನು ಮಲಗಿಸಿ, ತಲೆಗೆ ತಂತಿ ಅಂಟಿಸಿ, ಕಿವಿಗೆ ಸದ್ದು ಬಿಟ್ಟು, ಆ ಸದ್ದು ನರದ ಮೂಲಕ ಮಿದುಳಿನತ್ತ ಹೋಗುತ್ತಿದೆಯೇ ಎಂದು ಯಂತ್ರದಲ್ಲಿ ನೋಡುವುದು. ವರದಿ ನಾರ್ಮಲ್ ಬಂತು. ಆ ಸಂಜೆ ಅಪ್ಪ ಪೇಡಾ ತಂದರು. ಕೇಳಿಸುವ ಮಗು ಕರೆದರೆ ಯಾಕೆ ತಿರುಗುವುದಿಲ್ಲ ಎಂದು ವರದಿ ಕೊಟ್ಟವರೂ ಕೇಳಲಿಲ್ಲ, ಪೇಡಾ ತಿಂದ ನಾವೂ ಕೇಳಲಿಲ್ಲ.

ಮೂರನೆಯದು ದೊಡ್ಡ ಊರಿನ ಒಂದು ಕ್ಲಿನಿಕ್. ಮರದ ತುಂಡುಗಳನ್ನು ಹಲಗೆಯ ಗುಂಡಿಗಳಿಗೆ ಹಾಕಲು ಹೇಳಿದರು. ಪುಟ್ಟ ನೆಲದ ಮೇಲೆ ಮಲಗಿ ಕುರ್ಚಿಯ ಚಕ್ರ ತಿರುಗಿಸುತ್ತಿದ್ದ. ಹತ್ತೇ ನಿಮಿಷ. ‘ಬುದ್ಧಿಮಾಂದ್ಯತೆ’ ಎಂದು ಬರೆದರು. ‘ಮನೇಲಿ ಬಾಟಲಿ ಮುಚ್ಚಳನೆಲ್ಲ ಬಣ್ಣದ ಪ್ರಕಾರ ಸಾಲಾಗಿ ಜೋಡಿಸ್ತಾನೆ ಸಾರ್...’ ಎಂದಳು ಅಕ್ಕ. ಪೆನ್ನು ನಿಲ್ಲಲಿಲ್ಲ.

ಅದೇ ತಿಂಗಳು ನೆಂಟರೊಬ್ಬರ ಗೃಹಪ್ರವೇಶ. ಪುಟ್ಟ ಗಲಾಟೆ ತಾಳಲಾರದೆ ಕಿರುಚಿದ. ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು, ‘ತಾಯಿ ಆದವಳು ಮೊಬೈಲ್ ಕೊಟ್ಟು ಕೂರಿಸಿದ್ರೆ ಇನ್ನೇನಾಗುತ್ತೆ?’ ಎಂದರು. ಅಕ್ಕ ಒಮ್ಮೆ ನನ್ನತ್ತ ನೋಡಿ ತಲೆ ತಗ್ಗಿಸಿದಳು. ಮೊಬೈಲ್ ನನ್ನದು, ಕೊಟ್ಟವಳೂ ನಾನು. ನನ್ನ ಎಲೆಯಲ್ಲಿ ಹೋಳಿಗೆ ಇತ್ತು. ತಿನ್ನುತ್ತಾ ಕೂತೆ.

ದಾರಿ ತೋರಿಸಿದವರು ನಮ್ಮ ಬೀದಿಯ ಅಂಗನವಾಡಿ ಟೀಚರ್. ‘ಏನಾದ್ರೂ ಬೇಕಾದ್ರೆ ಬೆರಳು ಮಾಡಿ ತೋರಿಸ್ತಾನಾ?’ ಎಂದು ಕೇಳಿದರು. ಮೂವರೂ ಯೋಚಿಸಿದೆವು. ಇಲ್ಲ. ನಮ್ಮ ಕೈ ಹಿಡಿದೆಳೆದುಕೊಂಡು ಹೋಗಿ ಡಬ್ಬಿಯ ಮೇಲೆ ಇಡುತ್ತಿದ್ದ, ಇಕ್ಕಳ ಹಿಡಿದಂತೆ. ಮುಖ ನೋಡುತ್ತಿರಲಿಲ್ಲ. ‘ಮೈಸೂರಿಗೆ ಹೋಗಿ’ ಎಂದರು. 16ರಿಂದ 30 ತಿಂಗಳ ಮಕ್ಕಳಿಗೆಂದೇ 20 ಪ್ರಶ್ನೆಗಳ ಎಂ-ಚಾಟ್ ಎಂಬ ಪಟ್ಟಿಯಿದೆ, ಬೆರಳು ತೋರಿಸುವ ಪ್ರಶ್ನೆ ಅದರಲ್ಲೂ ಇದೆ ಎಂದು ನಂತರ ತಿಳಿಯಿತು. ಅದು ಆಟಿಸಂ ಇದೆ ಎಂದು ತೀರ್ಮಾನಿಸುವ ಪಟ್ಟಿಯಲ್ಲ. ಮುಂದಿನ ಪರೀಕ್ಷೆ ಬೇಕೇ ಎಂದು ಹೇಳುವುದಷ್ಟೇ. ನಮ್ಮ ವಿಷಯದಲ್ಲಿ ಅಷ್ಟೇ ಸಾಕಾಗುತ್ತಿತ್ತು.

ಭಾವ ಬರಲಿಲ್ಲ. ‘ಮಾತು ಬಂದ್ರೆ ಎಲ್ಲ ಸರಿಹೋಗುತ್ತೆ, ಸುಮ್ನೆ ಅಲೆದಾಡಬೇಡಿ’ ಎಂದರು. ನಾನೂ ಅಕ್ಕನೂ ಪುಟ್ಟನನ್ನು ಎತ್ತಿಕೊಂಡು ಅರಸೀಕೆರೆ, ಹಾಸನ ದಾಟಿ ರೈಲಿನಲ್ಲಿ ಮೈಸೂರಿಗೆ ಹೋದೆವು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾದದ್ದು. ಅಲ್ಲಿ ನೆಲದ ಮೇಲೆ ಕೂತು ಮಕ್ಕಳ ಜೊತೆ ಗುಳ್ಳೆ ಊದುತ್ತಿದ್ದವರಲ್ಲಿ ಅರ್ಧಕ್ಕರ್ಧ ನನ್ನ ವಯಸ್ಸಿನ ವಿದ್ಯಾರ್ಥಿಗಳು. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಹೀಗೊಂದು ಪದವಿ ಇದೆ ಎಂದು ನಮ್ಮ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ!

ಆಟಿಸಂ ಇದೆ ಎಂದು ತೋರಿಸುವ ರಕ್ತಪರೀಕ್ಷೆಯಾಗಲಿ, ಸ್ಕ್ಯಾನ್ ಆಗಲಿ ಇಲ್ಲವಂತೆ. ಮಗು ಬೆಳೆದ ಬಗೆ ಕೇಳಬೇಕು, ಮಗುವನ್ನು ನೋಡಬೇಕು. ಹುಟ್ಟಿದಾಗ ಅತ್ತನೇ, ಯಾವಾಗ ನಕ್ಕ, ಟಾಟಾ ಮಾಡುತ್ತಾನೆಯೇ, ಬಂದಿದ್ದ ಮಾತು ಹೋಯಿತೇ... ಪ್ರಶ್ನೆಗಳು ಮುಗಿಯಲೇ ಇಲ್ಲ. ಒಬ್ಬರು ಮಾತು ನೋಡಿದರು, ಇನ್ನೊಬ್ಬರು ಆಟ ನೋಡಿದರು. ಮನೆಯ ವಿಡಿಯೊ ಇದ್ದರೆ ತೋರಿಸಿ ಎಂದರು ಮನಶ್ಶಾಸ್ತ್ರಜ್ಞೆ ಮೇಡಂ. ನನ್ನ ಮೊಬೈಲಿನಲ್ಲಿ ಬೇಕಾದಷ್ಟಿದ್ದವು. ಎರಡನೇ ಹುಟ್ಟುಹಬ್ಬದ್ದು: ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದೇವೆ, ಕೇಕಿನ ಮುಂದೆ ಪುಟ್ಟ ಕತ್ತೆತ್ತಿ ಫ್ಯಾನ್ ನೋಡುತ್ತಿದ್ದಾನೆ. ನಗುವ ಎಮೋಜಿ ಹಾಕಿ ನಾನು ಸ್ಟೇಟಸ್‌ಗೆ ಇಟ್ಟಿದ್ದ ವಿಡಿಯೊ ಅದು. ಮೇಡಂ ಅದನ್ನು ಮೂರು ಸಲ ನೋಡಿದರು. ನಗಲಿಲ್ಲ.

ನಮ್ಮ ದೇಶದಲ್ಲಿ ಬಳಸುವ ಐಸಾ ಎಂಬ ಮಾಪನದಲ್ಲಿ 40 ಅಂಶಗಳಿವೆ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಅಲ್ಲ. ಪುಟ್ಟನಿಗೆ 112 ಬಂತು. ಮಧ್ಯಮ ಪ್ರಮಾಣ.

‘ಬುದ್ಧಿಮಾಂದ್ಯತೆ ಅಂತ ಬರೆದಿದ್ರಲ್ಲ ಮೇಡಂ?’ ಎಂದಳು ಅಕ್ಕ.

‘ಕೆಲವು ಮಕ್ಕಳಲ್ಲಿ ಎರಡೂ ಇರುತ್ತೆ. ಆದ್ರೆ ಕೂತ್ಕೊಳ್ಳದ, ನಮ್ಮ ಮಾತಿನ ಕಡೆ ಗಮನ ಕೊಡದ ಮಗುವಿನ ಬುದ್ಧಿನ ಹತ್ತು ನಿಮಿಷದಲ್ಲಿ ಅಳೆಯೋಕಾಗಲ್ಲಮ್ಮ. ತರಬೇತಿ ಕೊಟ್ಟು ಮತ್ತೆ ನೋಡೋಣ.’

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೊಬೈಲ್ ಕೊಟ್ಟಿದ್ದರಿಂದ ಬಂತಾ?’ ಎಂದು ಕೇಳಿದಳು. ನಾನು ನೆಲ ನೋಡಿದೆ.

‘ಮೊಬೈಲ್‌ನಿಂದ ಆಟಿಸಂ ಬರಲ್ಲ. ಇದು ಮಿದುಳು ಬೆಳೆಯೋ ರೀತಿಯಲ್ಲೇ ಇರೋ ವ್ಯತ್ಯಾಸ. ಆದ್ರೆ ಇವನಿಗೆ ಜನರ ಜೊತೆ ಆಡೋದು ಬೇರೆ ಮಕ್ಕಳಿಗಿಂತ ಹೆಚ್ಚು ಬೇಕು. ಆ ಹೊತ್ತನ್ನ ಮೊಬೈಲ್ ತಿನ್ನುತ್ತೆ.’

ಹೊರಗೆ ಬಂದು ಮರದ ನೆರಳಿನಲ್ಲಿ ಕೂತೆವು. ‘ಅವತ್ತು ಗೃಹಪ್ರವೇಶದಲ್ಲಿ ನಾನು ಹೇಳಬೇಕಿತ್ತು ಕಣೇ, ಮೊಬೈಲ್ ಕೊಟ್ಟಿದ್ದು ನಾನು ಅಂತ’ ಎಂದೆ. ‘ಹೂಂ, ಹೇಳಬೇಕಿತ್ತು’ ಎಂದಳು ಅಕ್ಕ. ಅಷ್ಟೇ ಹೇಳಿದ್ದು. ಆಮೇಲೆ ಬುತ್ತಿ ಬಿಚ್ಚಿದಳು.

ಕಾಗದದ ಮೇಲಿನ ಹೆಸರು ಬದಲಾದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂಗೆ ಬೇರೆಯದೇ ಸ್ಥಾನವಿದೆ, ಪ್ರಮಾಣಪತ್ರವೂ ಆ ಹೆಸರಿನಲ್ಲೇ ಸಿಗಬೇಕು. ಆದರೆ ನಮ್ಮ ಮನೆಯಲ್ಲಿ ದೊಡ್ಡದಾಗಿ ಬದಲಾದದ್ದು ಕಲಿಸುವ ರೀತಿ. ಮೊದಲು ಅ ಆ ಇ ಈ ಬಾಯಿಪಾಠ ಹೇಳಿಸಲು ಒದ್ದಾಡುತ್ತಿದ್ದೆವು. ಈಗ ಬಿಸ್ಕತ್ತನ್ನು ನಮ್ಮ ಕಣ್ಣಿನ ಹತ್ತಿರ ಹಿಡಿದು, ಅವನು ನಮ್ಮತ್ತ ನೋಡುವವರೆಗೆ ಕಾಯುತ್ತೇವೆ. ನೀರು, ಬಸ್ಸು, ಮಲಗುವುದು ಎಲ್ಲಕ್ಕೂ ಚಿತ್ರದ ಕಾರ್ಡುಗಳಿವೆ. ಮಾತು ಇನ್ನೂ ಬಂದಿಲ್ಲ. ನೀರಿನ ಕಾರ್ಡ್ ತಂದು ಕೊಡುತ್ತಾನೆ. ಕುಕ್ಕರ್ ಕೂಗುವ ಮೊದಲು ಅಮ್ಮ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗುತ್ತಾಳೆ.

ಮುಂದಿನ ತಿಂಗಳು ಮೈಸೂರಿಗೆ ಮತ್ತೆ ಹೋಗಬೇಕು. ಅದೇ ದಿನ ನನ್ನ ಪರೀಕ್ಷೆ. ಭಾವ ರಜೆ ಹಾಕಿದ್ದಾರೆ. ಫೈಲಿನಲ್ಲಿ ಯಾವ ಕಾಗದ ಎಲ್ಲಿದೆ, ಮೇಡಂ ಏನೇನು ಕೇಳುತ್ತಾರೆ ಎಂದು ನಿನ್ನೆ ರಾತ್ರಿ ಫೋನ್ ಮಾಡಿ, ಒಂದೊಂದಾಗಿ ಕೇಳಿ ಬರೆದುಕೊಂಡರು.