ಕೆಳದಿಯ ಓಲೆಗರಿಗಳು: ಒಂದು ಹಳ್ಳಿಯ ವಸ್ತುಸಂಗ್ರಹಾಲಯ

ಊರಿನಿಂದ ಬಂದ ನೆಂಟರಿಷ್ಟರನ್ನು ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯದ ಕನ್ನಡ ಮನೆ ಹೈದರಾಬಾದಿನಲ್ಲಿ ಬಹುಶಃ ಇರಲಾರದು. ಗಡಿಯಾರದೊಳಗಿಂದ ಹೊರಬಂದು ಗಂಟೆ ಬಾರಿಸುವ ಪುಟ್ಟ ಮನುಷ್ಯನನ್ನು ನೋಡಲು ಮಕ್ಕಳು ಮುಗಿಬೀಳುತ್ತಾರೆ; ಹಿರಿಯರು ಮುಸುಕು ಹೊದ್ದ ರೆಬೆಕಾಳ ಅಮೃತಶಿಲೆಯ ಪ್ರತಿಮೆಯ ಮುಂದೆ ಬೆರಗಾಗಿ ನಿಲ್ಲುತ್ತಾರೆ. ಮೂರನೆಯ ಸಾಲಾರ್ ಜಂಗರೂ ಅವರ ಪೂರ್ವಿಕರೂ ಕೂಡಿಹಾಕಿದ ಈ ಸಂಪತ್ತು 1951ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 1961ರಲ್ಲಿ ಸಂಸತ್ತಿನ ಶಾಸನದಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯೆನಿಸಿತು. ಅದಕ್ಕೆ ಕಟ್ಟಡವುಂಟು, ಕಾವಲುಂಟು, ಅನುದಾನವುಂಟು.

ಆದರೆ ಅದೇ ನೆಂಟರ ಊರಿನ ಮನೆಯ ಅಟ್ಟದ ಮೇಲೆ, ಹೊಗೆ ಹಿಡಿದ ಪೆಟ್ಟಿಗೆಯೊಳಗೆ, ಹರಕು ಬಟ್ಟೆಯಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟೊಂದು ಇದ್ದರೆ ಅದನ್ನು ಕಾಯುವವರು ಯಾರು? ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕೆಳದಿ ಎಂಬ ಚಿಕ್ಕ ಗ್ರಾಮದಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ದೊರೆಯುತ್ತದೆ.

ಕೆಳದಿ ಇಂದು ಹಳ್ಳಿಯಾದರೂ ಒಂದು ಕಾಲಕ್ಕೆ ರಾಜ್ಯವೊಂದರ ತೊಟ್ಟಿಲು. 1500ರ ಸುಮಾರಿಗೆ ಚೌಡಪ್ಪ ನಾಯಕನಿಂದ ಮೊದಲಾದ ಅರಸುಮನೆತನ ರಾಜಧಾನಿಯನ್ನು ಇಕ್ಕೇರಿಗೂ ಅನಂತರ ಬಿದನೂರಿಗೂ ಒಯ್ದಿತು. ಹೈದರಾಬಾದಿನವರಿಗೆ ಈ ಚರಿತ್ರೆ ಅಷ್ಟೇನೂ ದೂರದ್ದಲ್ಲ. 1687ರಲ್ಲಿ ಗೋಲ್ಕೊಂಡವನ್ನು ನುಂಗಿದ ಔರಂಗಜೇಬನ ಸೈನ್ಯವೇ ಎರಡು ವರ್ಷಗಳ ತರುವಾಯ ಶಿವಾಜಿಯ ಮಗ ರಾಜಾರಾಮನ ಬೆನ್ನು ಹತ್ತಿತು. ಅವನಿಗೆ ಆಶ್ರಯವಿತ್ತು ದಾಟಿಸಿದವಳು ಕೆಳದಿಯ ರಾಣಿ ಚೆನ್ನಮ್ಮ. ಆ ಪ್ರಸಂಗವನ್ನು ತೋರುವುದೆಂದು ಹೇಳಲಾಗುವ ಶಿಲ್ಪವೊಂದು ಕೆಳದಿಯ ದೇವಾಲಯದಲ್ಲಿದೆ. 1763ರಲ್ಲಿ ಹೈದರ್ ಅಲಿ ಬಿದನೂರನ್ನು ವಶಪಡಿಸಿಕೊಂಡಾಗ ಬೊಕ್ಕಸದ ಹೊನ್ನು ಗೆದ್ದವನ ಪಾಲಾಯಿತು. ಓಲೆ, ಕಡತ, ತಾಮ್ರಪಟಗಳಿಗೆ ಅಂಥ ಬೆಲೆ ಕಟ್ಟುವವರಿರಲಿಲ್ಲ. ಮಠಗಳಲ್ಲಿ, ಜೋಯಿಸರ ಮತ್ತು ಶಾನುಭೋಗರ ಮನೆಗಳಲ್ಲಿ ಉಳಿದದ್ದಷ್ಟೇ ಉಳಿಯಿತು.

ಹೀಗೆ ಉಳಿದುದನ್ನು ಒಂದೆಡೆ ಸೇರಿಸುವ ಕೆಲಸಕ್ಕೆ ಕೈಹಾಕಿದವರು ಅದೇ ಊರಿನ ಕೆಳದಿ ಗುಂಡಾ ಜೋಯಿಸರು. ಸರ್ಕಾರದ ಆಜ್ಞೆಯಿಂದಲ್ಲ, ಸ್ವಂತ ಆಸಕ್ತಿಯಿಂದ ಮೊದಲಾದ ಆ ಸಂಗ್ರಹವೇ ಬೆಳೆದು ಕೆಳದಿ ವಸ್ತುಸಂಗ್ರಹಾಲಯ ಮತ್ತು ಐತಿಹಾಸಿಕ ಸಂಶೋಧನಾ ಸಂಸ್ಥೆಯಾಯಿತು. ಮುಂದೆ ಕುವೆಂಪು ವಿಶ್ವವಿದ್ಯಾಲಯದ ಮಾನ್ಯತೆ ದೊರೆತು, ಅದು ಸಂಶೋಧನಾ ಕೇಂದ್ರವೂ ಎನಿಸಿತು. ಅವರ ಮಗ ಡಾ. ವೆಂಕಟೇಶ ಜೋಯಿಸರೂ ಲಿಪಿ ಹಾಗೂ ಹಸ್ತಪ್ರತಿಗಳ ಅಧ್ಯಯನದಲ್ಲಿ ತಂದೆಯ ಹಾದಿಯನ್ನೇ ಹಿಡಿದರು.

ಅಲ್ಲಿ ಕೆಳದಿ, ವಿಜಯನಗರ, ಮೈಸೂರು ಅರಸರ ನಾಣ್ಯಗಳಿವೆ. ಆಯುಧಗಳು, ತಾಮ್ರಪಟಗಳು, ಹಳೆಯ ಪಾತ್ರೆಪಡಗಗಳಿವೆ. ಆದರೆ ಅದರ ನಿಜವಾದ ಆಸ್ತಿ ಸುಮಾರು ಒಂದು ಸಾವಿರ ಓಲೆ ಹಾಗೂ ಕಾಗದದ ಹಸ್ತಪ್ರತಿಗಳು. ಧರ್ಮಶಾಸ್ತ್ರ, ಜ್ಯೋತಿಷ, ಗಣಿತ, ವೈದ್ಯ, ಪಶುವೈದ್ಯ ಮುಂತಾಗಿ ಅವುಗಳ ವಿಷಯ ವಿಸ್ತಾರವಾದದ್ದು. ಇವಲ್ಲದೆ ಸುಮಾರು ನಾನೂರು ಓಲೆಪ್ರತಿಗಳು ತಿಗಳಾರಿ ಲಿಪಿಯಲ್ಲಿವೆ.

ತಿಗಳಾರಿ ಎಂದರೇನೆಂದು ವಾಚಕರು ಕೇಳಬಹುದು. ಮಲೆನಾಡು ಮತ್ತು ಕರಾವಳಿಯ ವೈದಿಕ ಮನೆತನಗಳು ಬಹುಮಟ್ಟಿಗೆ ಸಂಸ್ಕೃತವನ್ನು ಬರೆಯಲು ಬಳಸುತ್ತಿದ್ದ ಲಿಪಿಯದು. ಗ್ರಂಥಲಿಪಿಯ ಸಂತತಿ, ಮಲಯಾಳ ಲಿಪಿಗೆ ಹತ್ತಿರದ ಬಂಧು. ಹವ್ಯಕರಲ್ಲಿಯೂ ಶಿವಳ್ಳಿಯವರಲ್ಲಿಯೂ ಅದು ಮನೆಯ ಲಿಪಿಯೇ ಆಗಿತ್ತು. ಮುದ್ರಣ ಬಂದ ಮೇಲೆ ಸಂಸ್ಕೃತ ಗ್ರಂಥಗಳು ನಾಗರಿಯಲ್ಲಿಯೂ ಕನ್ನಡದಲ್ಲಿಯೂ ಅಚ್ಚಾದವು. ತಿಗಳಾರಿಯನ್ನು ಕಲಿಯುವ ಕಾರಣವೇ ಇಲ್ಲವಾಯಿತು. ಅಜ್ಜ ಸಲೀಸಾಗಿ ಓದುತ್ತಿದ್ದ ಓಲೆಯನ್ನು ಮೊಮ್ಮಗ ಮಲಯಾಳವೆಂದು ತಿಳಿದು ಪಕ್ಕಕ್ಕಿಡುತ್ತಾನೆ. ಇಂಥ ಪ್ರತಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಮಾತ್ರಕ್ಕೆ ಅವು ಉಳಿದಂತಾಗುವುದಿಲ್ಲ. ಓದಬಲ್ಲವನೊಬ್ಬ ಅದೇ ಊರಿನಲ್ಲಿರಬೇಕು. ಯಾವ ಮನೆತನದವರು ಯಾವ ಮಠಕ್ಕೆ ನಡೆದುಕೊಳ್ಳುತ್ತಿದ್ದರು, ಯಾವ ಕೆರೆಗೆ ಯಾವ ಹೆಸರಿತ್ತು ಎಂಬುದನ್ನು ಬಲ್ಲವನಾಗಿರಬೇಕು. ಹಳ್ಳಿಯ ಸಂಗ್ರಹಾಲಯ ಪಟ್ಟಣದ ದೊಡ್ಡ ಸಂಗ್ರಹಾಲಯಕ್ಕಿಂತ ಹೆಚ್ಚಿನದೇನನ್ನಾದರೂ ಕೊಡಬಲ್ಲದಾದರೆ ಇದನ್ನೇ. ಅದರ ಅಪಾಯವೂ ಇಲ್ಲಿಯೇ ಇದೆ. ಸಂಬಳಕ್ಕೆ ಬಂದವನ ಹುದ್ದೆಗೆ ಇನ್ನೊಬ್ಬ ಬರುತ್ತಾನೆ. ಪ್ರೀತಿಯಿಂದ ದುಡಿದವನ ಜಾಗಕ್ಕೆ ಬರುವವನನ್ನು ಅವನೇ ತಯಾರು ಮಾಡಬೇಕು.

ಲೆಕ್ಕಪತ್ರ ಬಲ್ಲವರಿಗೆ ಕೆಳದಿಯ ಚರಿತ್ರೆಯಲ್ಲಿ ಬೇರೊಂದು ಆಕರ್ಷಣೆಯಿದೆ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಭೂಕಂದಾಯದ ಕ್ರಮಕ್ಕೆ 'ಶಿಸ್ತು' ಎಂದೇ ಹೆಸರು. ಪ್ರತಿಯೊಂದು ಬಗೆಯ ಭೂಮಿಯನ್ನೂ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತನೆ, ಖರ್ಚು, ಬೆಳೆಗಳ ಲೆಕ್ಕವಿಟ್ಟು, ಸರಾಸರಿ ಹುಟ್ಟುವಳಿಯ ಮೂರನೆಯ ಒಂದು ಪಾಲನ್ನು ಕಂದಾಯವಾಗಿ ನಿಗದಿ ಮಾಡಿದನೆಂದು ಹೇಳುತ್ತಾರೆ. ಇಂದು ಸಾಲ ಮಂಜೂರು ಮಾಡುವವರೂ ಇಷ್ಟು ತಾಳ್ಮೆ ತೋರುವುದಿಲ್ಲ! ಅಂದಿನ ಲೆಕ್ಕಗಳನ್ನು ಬರೆಯುತ್ತಿದ್ದುದು ಕಡತಗಳಲ್ಲಿ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಕಚೇರಿಗಳಲ್ಲಿ ಫೈಲಿಗೆ ಇಂದಿಗೂ ಕಡತವೆನ್ನುವುದು ಇದರಿಂದಲೇ.

ದೇಹಾರೋಗ್ಯದ ಲೇಖನಗಳಿರುವ ಸಂಚಿಕೆಯಲ್ಲಿ ಗ್ರಂಥಾರೋಗ್ಯದ ವಿಷಯವಾಗಿಯೂ ನಾಲ್ಕು ಮಾತು ಸಲ್ಲುತ್ತವೆ. ಓಲೆಗರಿಯನ್ನು ಹದಗೊಳಿಸಿ, ಒಣಗಿಸಿ, ಉಜ್ಜಿ, ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಆ ಗೀರುಗಳಿಗೆ ದೀಪದ ಮಸಿಯನ್ನು ತುಂಬುತ್ತಿದ್ದರು. ಗರಿ ತೀರ ಒಣಗಿದರೆ ಸಿಡಿಯುತ್ತದೆ. ತೇವವಾದರೆ ಬೂಷ್ಟು ಹಿಡಿಯುತ್ತದೆ. ಹುಳು, ಗೆದ್ದಲುಗಳಂತೂ ಸರಿಯೇ. ಮಲೆನಾಡಿನ ಮಳೆಗಾಲವೇ ಅದಕ್ಕೆ ಕಠಿಣ ಪರೀಕ್ಷೆ. ಹಿಂದಿನವರು ಅಡುಗೆಮನೆಯ ಅಟ್ಟದಲ್ಲಿ ಓಲೆಗಳನ್ನಿಡುತ್ತಿದ್ದುದು ಅಜ್ಞಾನದಿಂದಲ್ಲ. ಒಲೆಯ ಹೊಗೆ ಹುಳುವನ್ನೂ ತೇವವನ್ನೂ ದೂರವಿರಿಸುತ್ತಿತ್ತು. ಗ್ಯಾಸಿನ ಒಲೆ ಬಂದು ಹೊಗೆ ನಿಂತಾಗ ಓಲೆಗಳ ಕಾವಲೂ ನಿಂತುಹೋಯಿತು. ಹಸ್ತಪ್ರತಿ ಭಂಡಾರಗಳಲ್ಲಿ ಮೃದುವಾದ ಕುಂಚದಿಂದ ಧೂಳು ತೆಗೆದು, ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಹದವಾಗಿ ಸವರಿ, ಬಟ್ಟೆಯಲ್ಲಿ ಸುತ್ತಿ ಹಲಗೆಗಳ ನಡುವೆ ಕಟ್ಟಿಡುತ್ತಾರೆ.

ಇದನ್ನೋದಿ ಮನೆಯಲ್ಲಿ ಪ್ರಯೋಗಕ್ಕಿಳಿಯುವುದು ಬೇಡ. ಗರಿಗಳನ್ನು ನೀರಿನಿಂದ ಒರೆಸಬಾರದು, ಸುಡುಬಿಸಿಲಿಗೆ ಹರಡಬಾರದು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಬಾರದು. ಮುರಿದ ಗರಿಗೆ ಅಂಟುಪಟ್ಟಿ ಹಚ್ಚಲೇಬಾರದು. ಅಂತೆಯೇ ವೈದ್ಯದ ಓಲೆಯಲ್ಲಿ ಕಂಡ ಕಷಾಯವನ್ನು ಕುದಿಸಿ ಕುಡಿಯುವ ಸಾಹಸವೂ ಸಲ್ಲದು. ಒಂದೇ ಮೂಲಿಕೆಗೆ ಊರೂರಿಗೆ ಹೆಸರು ಬೇರೆ, ಒಂದೇ ಹೆಸರಿನ ಗಿಡಗಳೂ ಬೇರೆ ಬೇರೆ, ಅಳತೆಗಳಂತೂ ಇಂದಿನವಲ್ಲ.

ಊರಿನ ಮನೆ ಮಾರಾಟಕ್ಕೆ ಬಂದಾಗ ಹೈದರಾಬಾದು, ಬೆಂಗಳೂರು, ಮುಂಬಯಿಗಳಿಂದ ಅಣ್ಣತಮ್ಮಂದಿರು ಎರಡು ದಿನದ ರಜೆ ಹಾಕಿ ಹೋಗುತ್ತಾರೆ. ಹಿತ್ತಾಳೆಯ ಹಂಡೆಗೆ ಪಾಲುಗಾರರು ಸಿಗುತ್ತಾರೆ. ಓಲೆಯ ಕಟ್ಟು ಗುಜರಿಯವನ ತಕ್ಕಡಿಗೋ ಹೊಳೆಯ ನೀರಿಗೋ ಹೋಗುತ್ತದೆ. ಹಳೆಯ ಗ್ರಂಥವನ್ನು ಹೊಳೆಗೆ ಬಿಡುವುದು ಪುಣ್ಯವೆಂಬ ನಂಬಿಕೆಯೇ ಎಷ್ಟೋ ಮನೆತನಗಳ ಚರಿತ್ರೆಯನ್ನು ತೊಳೆದುಹಾಕಿದೆ. ಎಪ್ಪತ್ತೈದು ವರ್ಷಕ್ಕೆ ಹಿಂದಿನ ಬೆಲೆಯುಳ್ಳ ಹಸ್ತಪ್ರತಿಗಳಿಗೆ 1972ರ ಪ್ರಾಚ್ಯವಸ್ತು ಶಾಸನ ಅನ್ವಯಿಸುತ್ತದೆಂಬುದನ್ನೂ ಮರೆಯಬಾರದು. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ. ವಿದೇಶಕ್ಕೆ ಕಳಿಸುವಂತೆಯೂ ಇಲ್ಲ.

ಕೆಳದಿಯನ್ನು ನೋಡಬೇಕೆನ್ನುವವರು ಕಾಚಿಗುಡದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದು, ಅಲ್ಲಿಂದ ಶಿವಮೊಗ್ಗದ ಮೇಲೆ ಸಾಗರಕ್ಕೆ ಹೋಗಬಹುದು. ಸಾಗರದಿಂದ ಕೆಳದಿ ಏಳೆಂಟು ಕಿಲೋಮೀಟರು ಮಾತ್ರ. ರಾಮೇಶ್ವರ ದೇವಾಲಯದ ಛಾವಣಿಯಲ್ಲಿ ಕೆತ್ತಿರುವ ಗಂಡಭೇರುಂಡವನ್ನು ತಪ್ಪದೆ ನೋಡತಕ್ಕದ್ದು.

ಮನೆಯ ಓಲೆಗಳನ್ನು ಕೆಳದಿಗಾಗಲಿ ಹತ್ತಿರದ ಬೇರಾವ ಹಸ್ತಪ್ರತಿ ಭಂಡಾರಕ್ಕಾಗಲಿ ಒಪ್ಪಿಸುವವರು ಮೊದಲು ಇದ್ದ ಸ್ಥಿತಿಯಲ್ಲಿಯೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಲೇಸು. ದಾರವನ್ನು ಬಿಚ್ಚಬಾರದು, ಗರಿಗಳ ಕ್ರಮ ತಪ್ಪಿದರೆ ಸರಿಪಡಿಸಲು ತಿಂಗಳುಗಳೇ ಬೇಕಾದೀತು. ಬ್ಯಾಂಕಿನಲ್ಲಿ ಒಡವೆಯಿಟ್ಟವರು ರಸೀದಿ ಪಡೆಯುವಂತೆ ಇಲ್ಲಿಯೂ ಬರಹದ ಸ್ವೀಕೃತಿ ಪಡೆಯುವುದು ಕ್ರಮ. ಕಟ್ಟಿನೊಡನೆ ಒಂದು ಚೀಟಿಯಿರಲಿ: ಮನೆತನದ ಹೆಸರು, ಊರು, ಕಟ್ಟು ದೊರೆತ ಜಾಗ, ಅದನ್ನು ಕೊನೆಯದಾಗಿ ಓದುತ್ತಿದ್ದ ಹಿರಿಯರು ಯಾರು ಎಂಬಷ್ಟು ವಿವರ ಸಾಕು. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಮಲೆನಾಡಿನ ತೇವಕ್ಕೆ ಶಾಯಿ ಹರಡಿಹೋಗುತ್ತದೆ.