ಮಂಚಾಲೆ ಕೊಟ್ಟ ಹಬ್ಶಿ

ರಾಘವೇಂದ್ರ ಸ್ವಾಮಿಗಳ ಕಥೆಯಲ್ಲಿ ಇಬ್ಬರು ಪರದೇಶದ ಅಧಿಕಾರಿಗಳು ಬರುತ್ತಾರೆ. ಒಬ್ಬ ಥಾಮಸ್ ಮನ್ರೋ. 1800ರಲ್ಲಿ ನಿಜಾಮ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ಸೀಮೆಗೆ ಪ್ರಧಾನ ಕಲೆಕ್ಟರ್ ಆಗಿ ಬಂದವನು. ಮಠದ ಇನಾಮು ಭೂಮಿಯ ವಿಚಾರಣೆಗೆ ಹೋದ ಅವನು ಟೋಪಿ, ಬೂಟು ಕಳಚಿ ಬೃಂದಾವನದ ಮುಂದೆ ನಿಂತನೆಂದೂ ಬೇರಾರಿಗೂ ಕಾಣದ ರಾಯರೊಡನೆ ಮಾತಾಡಿದನೆಂದೂ ಭಕ್ತರು ನಂಬುತ್ತಾರೆ. ಈ ಪ್ರಸಂಗ ಹೇಳುವಾಗ ಅವರು ಮನ್ರೋವಿನ ಪೂರ್ತಿ ಹೆಸರು, ಹುದ್ದೆ, ಇಸವಿ ಎಲ್ಲವನ್ನೂ ಹೇಳುತ್ತಾರೆ. ಮದರಾಸು ಗೆಜೆಟಿಯರಿನ ಸಾಕ್ಷಿಯನ್ನೂ ಮುಂದಿಡುತ್ತಾರೆ. ಇನ್ನೊಬ್ಬ, ಅವನಿಗಿಂತ ನೂರಮೂವತ್ತು ವರ್ಷ ಹಿಂದಿನವನು. ಮುಚ್ಚಿದ ತಟ್ಟೆಯಲ್ಲಿ ಮಾಂಸ ತಂದು ರಾಯರನ್ನು ಪರೀಕ್ಷಿಸಿದವನು, ವಸ್ತ್ರ ಸರಿಸಿದಾಗ ಹಣ್ಣು ಕಂಡು ಬೆರಗಾದವನು, ಬೇಕಾದ ಊರು ಕೇಳಿ ಎಂದು ಮಂಚಾಲೆಯನ್ನು ಬಿಟ್ಟುಕೊಟ್ಟವನು. ಅವನಿಗೆ ಮಾತ್ರ ಹೆಚ್ಚಿನವರ ಬಾಯಲ್ಲಿ ಬರಿಯ ‘ಆದೋನಿ ನವಾಬ’ ಎಂಬ ಬಿರುದು. ಇನಾಮು ತಪಾಸಣೆಗೆ ಬಂದವನ ವಿವರವೆಲ್ಲ ನೆನಪಿದೆ, ಭೂಮಿ ಕೊಟ್ಟವನದು ಮರೆತಿದೆ. ಸಿದ್ದಿ ಮಸೂದ್ ಖಾನ್ ಎಂದು ಹೆಸರು ಹೇಳುವವರು ಉಂಟು. ಅವನು ಆಫ್ರಿಕದ ಮೂಲದ ಹಬ್ಶಿ ಎಂದು ಹೇಳುವವರು ಅಪರೂಪ. ಆದರೆ ಆದೋನಿಯ ಇತಿಹಾಸದಲ್ಲಿ ಆ ಮೂಲ ಬಿಟ್ಟುಬಿಡಬಹುದಾದ ಸಣ್ಣ ವಿವರವಲ್ಲ. ಆ ಊರನ್ನು ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಬಹುಕಾಲ ಆಳಿದ್ದು ಹಬ್ಶಿಗಳೇ. ಮಂಚಾಲೆ ಮಂತ್ರಾಲಯವಾದದ್ದಕ್ಕೂ ಅದಕ್ಕೂ ನಂಟಿದೆ ಎಂಬುದು ಈ ಲೇಖನದ ವಾದ.

ಇಥಿಯೋಪಿಯ ಮತ್ತು ಅದರ ಸುತ್ತಿನ ಸೀಮೆಗಳಿಂದ ಹುಡುಗರನ್ನು ಹಿಡಿದು ಕೆಂಪು ಸಮುದ್ರದ ಬಂದರುಗಳಲ್ಲಿ ಮಾರುತ್ತಿದ್ದರು. ಅಲ್ಲಿಂದ ಕೈಬದಲಾಗುತ್ತ ಅವರು ದಖ್ಖನಿಗೆ ಬರುತ್ತಿದ್ದರು. ಇಲ್ಲಿನ ಸುಲ್ತಾನರಿಗೆ ಬೇಕಿದ್ದದ್ದು ಊರಲ್ಲಿ ಬಂಧುಬಳಗವಿಲ್ಲದ, ಒಡೆಯನನ್ನು ಬಿಟ್ಟರೆ ಬೇರೆ ದಿಕ್ಕಿಲ್ಲದ ಸೈನಿಕರು. ಒಡೆಯ ಸತ್ತ ಮೇಲೆ ಇವರು ಸ್ವತಂತ್ರರಾಗಿ ಸ್ವಂತ ದಂಡು ಕಟ್ಟಿಕೊಳ್ಳುತ್ತಿದ್ದರು. ಮೋಖಾದಲ್ಲಿ, ಬಾಗ್ದಾದಿನಲ್ಲಿ ಮಾರಾಟವಾಗಿ ಅಹಮದನಗರಕ್ಕೆ ಬಂದ ಮಲಿಕ್ ಅಂಬರ್‌ನನ್ನು ಕೊಂಡ ಚಂಗೀಜ್ ಖಾನನೂ ಹಬ್ಶಿಯೇ. ಅದೇ ಅಂಬರ್ ಮುಂದೆ ಜಹಾಂಗೀರನ ಸೈನ್ಯವನ್ನು ವರ್ಷಗಟ್ಟಲೆ ಸತಾಯಿಸಿ, 1626ರಲ್ಲಿ ಸಾಯುವವರೆಗೂ ಆ ರಾಜ್ಯವನ್ನು ಉಳಿಸಿದ. ವಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಬಾಲಕನಾಗಿದ್ದಾಗ ದಿಲಾವರ್ ಖಾನ್ ಎಂಬ ಹಬ್ಶಿ ಹಲವು ವರ್ಷ ಆಡಳಿತ ನಡೆಸಿದ. ಮುಂದೆ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಇಖ್ಲಾಸ್ ಖಾನ್ ಎಷ್ಟು ದೊಡ್ಡವನಾಗಿದ್ದನೆಂದರೆ, ಸುಲ್ತಾನನೊಡನೆ ಒಂದೇ ಆನೆಯ ಮೇಲೆ ಕುಳಿತಂತೆ ಅವನ ಚಿತ್ರ ಬರೆದಿದ್ದಾರೆ. ಗೋಲಗುಮ್ಮಟದ ಕಾಲದ ಆ ವರ್ಣಚಿತ್ರಗಳಲ್ಲಿ ಅವನ ಕಪ್ಪು ಬಣ್ಣವನ್ನು ಮರೆಮಾಚುವ ಪ್ರಯತ್ನವೇ ಇಲ್ಲ. ಆ ಕಾಲದವರಿಗೆ ಅದರಲ್ಲಿ ಮುಜುಗರ ಪಡುವಂಥದ್ದೇನೂ ಕಂಡಿರಲಿಲ್ಲ. ಮುಜುಗರವೋ ಮರೆವೋ, ಅದು ನಮ್ಮ ಕಾಲದ್ದು.

ಆದೋನಿ ಇವರ ಕೈಗೆ ಬಂದದ್ದು 1565ರ ತಾಳಿಕೋಟೆ ಯುದ್ಧದ ನಂತರ. ವಿಜಯನಗರದ ಈ ಗಿರಿದುರ್ಗ ಕೆಲವೇ ವರ್ಷಗಳಲ್ಲಿ ಆದಿಲ್‌ಶಾಹಿಗಳ ಪಾಲಾಯಿತು. ತುಂಗಭದ್ರೆಯ ದಕ್ಷಿಣಕ್ಕೆ ರಾಯಚೂರು ದೋಆಬನ್ನು ಕಾಯಲು ಇಷ್ಟು ಗಟ್ಟಿ ಜಾಗ ಇನ್ನೊಂದಿರಲಿಲ್ಲ. ಅದನ್ನು ವಿಜಾಪುರ ಒಪ್ಪಿಸಿದ್ದು ಮಲಿಕ್ ರಹಮಾನ್ ಖಾನ್ ಎಂಬ ಹಬ್ಶಿಗೆ. ಸುಮಾರು ನಾಲ್ಕು ದಶಕ ಅಲ್ಲೇ ಆಳಿ ಅಲ್ಲೇ ತೀರಿಕೊಂಡ ಅವನ ಗೋರಿ ಕೋಟೆಯ ತಾಲಿಬಂಡ ಗುಡ್ಡದ ಮೇಲಿದೆ. ಆಮೇಲಿನ ಐವತ್ತು, ಅರವತ್ತು ವರ್ಷಗಳು ಸಪ್ಪೆ. ಕಿಲ್ಲೇದಾರರು ಬಂದರು, ಹೋದರು. ಕಥೆ ಮತ್ತೆ ಚುರುಕಾಗುವುದು ಕರ್ನೂಲಿನ ಸಿದ್ದಿ, ಅಂದರೆ ಹಬ್ಶಿ, ಜೌಹರನಿಂದ. ಪನ್ಹಾಳದಲ್ಲಿ ಶಿವಾಜಿಗೆ ಮುತ್ತಿಗೆ ಹಾಕಿದವನೆಂದು ಮರಾಠಿ ಮಕ್ಕಳೆಲ್ಲ ಓದುವುದು ಇವನನ್ನೇ. ನಮ್ಮ ಮಸೂದ್ ಅವನ ಅಳಿಯ.

ಈ ಅಳಿಯತನವನ್ನು ಹಗುರವಾಗಿ ನೋಡಬಾರದು. ಹಬ್ಶಿಗಳೆಂದರೆ ಅಲ್ಲೊಬ್ಬ ಇಲ್ಲೊಬ್ಬ ಅದೃಷ್ಟವಂತ ಸೇನಾಧಿಪತಿ ಅಷ್ಟೇ, ಅದನ್ನು ಸಮುದಾಯವೆಂದು ಕರೆಯಲಾಗದು ಎಂದು ಆಕ್ಷೇಪಿಸಬಹುದು. ಆದರೆ ಮಾವನ ಜಹಗೀರು, ದಂಡು, ಸಂಪತ್ತು ಅಳಿಯನಿಗೆ ಬಂದಿವೆ. ಒಂದು ಸಿದ್ದಿ ಮನೆತನ ಇನ್ನೊಬ್ಬ ಸಿದ್ದಿಗೆ ಹೆಣ್ಣು ಕೊಟ್ಟಿದೆ. ಕರ್ನೂಲು, ಆದೋನಿ ಎರಡೂ ಕೋಟೆಗಳು ಒಂದೇ ಸಂಬಂಧದ ಒಳಗೆ ಉಳಿದಿವೆ. ಗುಲಾಮರಾಗಿ ಒಬ್ಬೊಬ್ಬರೇ ಬಂದವರು ಒಂದೆರಡು ತಲೆಮಾರಿನಲ್ಲಿ ಬೀಗರಾಗಿದ್ದಾರೆ, ವಾರಸುದಾರರಾಗಿದ್ದಾರೆ. ಸಮುದಾಯ ಆರಂಭವಾಗುವುದು ಹೀಗೆಯೇ. ಅದು ಬೇರೂರಲಿಲ್ಲ ಎಂಬುದು ಬೇರೆ ಮಾತು, ಅದಕ್ಕೆ ಮುಂದೆ ಬರೋಣ.

ಮಸೂದನ ಬದುಕಿನಲ್ಲಿ ಶಿವಾಜಿಯ ಜೊತೆಗಿನ ಸಂಬಂಧ ಒಂದು ಸ್ವಾರಸ್ಯದ ಅಧ್ಯಾಯ. 1660ರ ಜುಲೈ ತಿಂಗಳ ಮಳೆರಾತ್ರಿ ಪನ್ಹಾಳದಿಂದ ವಿಶಾಳಗಡದ ಕಡೆ ಜಾರಿಕೊಂಡ ಶಿವಾಜಿಯನ್ನು ಬೆನ್ನಟ್ಟಿದವನು ಇವನೇ. ಬಾಜಿ ಪ್ರಭು ದೇಶಪಾಂಡೆ ಕಣಿವೆಯಲ್ಲಿ ಅಡ್ಡನಿಂತು ಪ್ರಾಣ ಕೊಟ್ಟದ್ದು ಇವನ ಸೈನ್ಯವನ್ನು ತಡೆಯಲು. ಹದಿನೆಂಟು ವರ್ಷ ಕಳೆಯುವಷ್ಟರಲ್ಲಿ ಪಾತ್ರಗಳು ತಿರುವುಮುರುವಾದವು. ವಿಜಾಪುರದಲ್ಲಿ ಬಾಲಕ ಸಿಕಂದರ್ ಆದಿಲ್‌ಶಾಹನ ಹೆಸರಲ್ಲಿ ಆಳುತ್ತಿದ್ದ ಅಫಘಾನ್ ಸರದಾರ ಬಹ್ಲೂಲ್ ಖಾನ್ 1677ರ ಕೊನೆಗೆ ಸತ್ತ. ಅವನ ಸೈನಿಕರಿಗೆ ಸಂಬಳ ಬಾಕಿ ಇತ್ತು. ಖಜಾನೆ ಬರಿದಾಗಿದ್ದ ರಾಜ್ಯಕ್ಕೆ ಹಣವುಳ್ಳ ಮಂತ್ರಿ ಬೇಕಿತ್ತು; ಆದೋನಿಯಿಂದ ಮಸೂದ್ ಬಂದ. 1679ರಲ್ಲಿ ಮೊಘಲ್ ಸೇನಾಪತಿ ದಿಲೇರ್ ಖಾನ್ ವಿಜಾಪುರದ ಮೇಲೆ ಬಂದಾಗ ಅದೇ ಮಸೂದ್ ಸಹಾಯಕ್ಕೆ ಕರೆದದ್ದು ಶಿವಾಜಿಯನ್ನು, ಶಿವಾಜಿ ದಂಡು ಕಳಿಸಿದ್ದೂ ಹೌದು. ಇದನ್ನು ಸಮಯಸಾಧಕತನ ಎನ್ನುವವರಿದ್ದಾರೆ. ಇರಬಹುದು. ಉತ್ತರದಿಂದ ಔರಂಗಜೇಬ ಇಳಿದು ಬರುತ್ತಿರುವಾಗ ದಖ್ಖನಿನವರೆಲ್ಲ ನೆರೆಹೊರೆಯವರು ಎಂದು ಮಸೂದನಿಗೆ ಹೊಳೆದಿತ್ತು ಎಂದೂ ಓದಬಹುದು. ಅಂತೂ ಗುಂಪುಗಾರಿಕೆಯಲ್ಲಿ ಸೋತು, 1683ರಲ್ಲಿ ಅಧಿಕಾರ ಬಿಟ್ಟು ಅವನು ಆದೋನಿಗೇ ಮರಳಿದ.

ಮಂಚಾಲೆಯ ದಾನ ಈ ಮಂತ್ರಿಗಿರಿಗಿಂತ ಮೊದಲಿನದು. ರಾಯರು ಬೃಂದಾವನ ಪ್ರವೇಶ ಮಾಡಿದ್ದು 1671ರ ಶ್ರಾವಣ ಬಹುಳ ಬಿದಿಗೆಯಂದು. ಆದೋನಿ ಮಸೂದನ ಕೈಲಿದ್ದದ್ದು 1660ರ ದಶಕದಿಂದ 1680ರ ದಶಕದ ಕೊನೆಯವರೆಗೆ. ಕಾಲ ಸರಿಹೊಂದುತ್ತದೆ. ಹಾಗಿದ್ದೂ, ಪವಾಡದ ಕಥೆಯನ್ನು ಇತಿಹಾಸವೆಂದು ಎಣಿಸಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ತಟ್ಟೆಯ ಮಾಂಸ ಹಣ್ಣಾಯಿತೋ ಇಲ್ಲವೋ ಎಂಬುದು ನಂಬಿಕೆಗೆ ಬಿಟ್ಟದ್ದು. ಅದು ಬೇರೆ ಸಂತರ ಚರಿತ್ರೆಗಳಲ್ಲೂ ಬರುವ ಪ್ರಸಂಗ. ಆದರೆ ಪವಾಡವನ್ನು ಪಕ್ಕಕ್ಕಿಟ್ಟ ಮೇಲೂ ಕಥೆಯಲ್ಲಿ ಒಂದು ಆಡಳಿತದ ಚೌಕಟ್ಟು ಉಳಿಯುತ್ತದೆ: ಕೋಟೆಯ ಮುಸ್ಲಿಂ ಅಧಿಪತಿ, ಅವನ ಬ್ರಾಹ್ಮಣ ದಿವಾನ, ದಿವಾನನ ಗುರು, ಗುರುವಿಗೆ ಸಿಕ್ಕ ಊರು. ದಿವಾನ ವೆಂಕಣ್ಣನ ಕಥೆಯನ್ನೇ ನೋಡಿ. ಓದು ಬರಹ ಬಾರದ ಹುಡುಗ, ದಾರಿಯಲ್ಲಿ ಸಿಕ್ಕ ನವಾಬ ಓಲೆ ಓದೆಂದು ಗದರಿದಾಗ ರಾಯರನ್ನು ನೆನೆದು ಓದಿಬಿಟ್ಟ. ಸುದ್ದಿ ಒಳ್ಳೆಯದಿತ್ತು, ನವಾಬ ಅವನನ್ನು ದಿವಾನನನ್ನಾಗಿ ಮಾಡಿಕೊಂಡ. ಈ ಕಥೆ ಹುಟ್ಟಲು ಒಂದು ವಾಸ್ತವ ಬೇಕು. ಬಂದ ಕಾಗದವನ್ನು ಓದಿ ಹೇಳಲು ಸ್ಥಳೀಯನೊಬ್ಬ ಬೇಕಾಗುವ ಅಧಿಪತಿ ಅಲ್ಲಿರಬೇಕು. ಮೊದಲನೆಯ ಇಬ್ರಾಹಿಂ ಆದಿಲ್‌ಶಾಹ ಹದಿನಾರನೆಯ ಶತಮಾನದಲ್ಲೇ ಕಂದಾಯದ ಲೆಕ್ಕವನ್ನು ಪಾರಸಿಯಿಂದ ದೇಶಭಾಷೆಗೆ ತಿರುಗಿಸಿ ಬ್ರಾಹ್ಮಣ ಕಾರಕೂನರ ಕೈಗೆ ಕೊಟ್ಟಿದ್ದ. ಅಂದಮೇಲೆ ಆದೋನಿಯಂಥ ಕನ್ನಡ ಸೀಮೆಯಲ್ಲಿ ಲೆಕ್ಕದ ಕಡತ ಹಿಡಿದವರು ಯಾರಿರಬೇಕೆಂದು ಊಹಿಸುವುದು ಕಷ್ಟವಲ್ಲ.

ಇಲ್ಲಿ ಮಸೂದನ ಹುಟ್ಟು ಮುಖ್ಯವಾಗುತ್ತದೆ. ಇರಾನಿನಿಂದ ಬಂದ ಅಮೀರನಿಗೆ ಬೆನ್ನ ಹಿಂದೆ ತನ್ನ ದೇಶ, ತನ್ನ ಭಾಷೆಯ ವಿದ್ವಾಂಸರ ಬಳಗ ಇರುತ್ತಿತ್ತು. ಹಬ್ಶಿಗೆ ಅದೊಂದೂ ಇಲ್ಲ. ಆದಿಲ್‌ಶಾಹಿ ದರ್ಬಾರಿನ ಜಗಳಗಳಲ್ಲಿ ಹಬ್ಶಿಗಳು ಸಾಮಾನ್ಯವಾಗಿ ನಿಂತದ್ದು ದಖ್ಖನಿ ಮುಸ್ಲಿಮರ ಪಕ್ಷಕ್ಕೆ, ಪರದೇಶದ ಅಮೀರರಿಗೆ ಎದುರಾಗಿ. ಹಿಂತಿರುಗಲು ಊರಿಲ್ಲದವನು ಇರುವ ಊರಿನವರನ್ನೇ ಕಟ್ಟಿಕೊಳ್ಳಬೇಕು. ಹೊಳೆದಡದ ಒಂದು ಸಣ್ಣ ಹಳ್ಳಿಯನ್ನು ದಿವಾನನ ಗುರುಪೀಠಕ್ಕೆ ಬಿಡುವುದು ಅಂಥವನಿಗೆ ಭಕ್ತಿಯೂ ಇರಬಹುದು, ಜಾಣತನವೂ ಇರಬಹುದು. ರಾಯರು ಫಲವತ್ತಾದ ಊರನ್ನು ಬಿಟ್ಟು ಮಂಚಾಲೆಯನ್ನೇ ಆರಿಸಿದರೆಂದು ಕಥೆ ಹೇಳುತ್ತದೆ. ಪ್ರಹ್ಲಾದ ಯಜ್ಞ ಮಾಡಿದ ಸ್ಥಳವೆಂಬುದು ಅದಕ್ಕೆ ಕೊಡುವ ಕಾರಣ. ಕಂದಾಯದ ದೃಷ್ಟಿಯಿಂದ ಕೊಡುವವನಿಗೆ ನಷ್ಟವಾಗದ ಆಯ್ಕೆ ಎಂದು ಗಮನಿಸಿದರೆ ಭಕ್ತರು ಕೋಪಿಸಿಕೊಳ್ಳಬೇಕಿಲ್ಲ.

ಬಲವಾದ ಆಕ್ಷೇಪ ಇನ್ನೊಂದಿದೆ. ಆದೋನಿಯ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನೂ ಇದೇ ಮಸೂದ್, ಎರಡು ಲಕ್ಷ ರೂಪಾಯಿ ಸುರಿದನೆಂಬ ಪ್ರತೀತಿ. ಅದಕ್ಕೆ ದೇವಾಲಯಗಳ ಕಲ್ಲು ಬಳಸಿದನೆಂದೂ ಹೇಳುತ್ತಾರೆ. ಹಾಗಿದ್ದಮೇಲೆ ಅವನನ್ನು ಸೌಹಾರ್ದದ ಮೂರ್ತಿ ಮಾಡುವುದು ಎಷ್ಟು ಸರಿ? ಸರಿಯಲ್ಲ, ಮಾಡಬೇಕಾದ ಅಗತ್ಯವೂ ಇಲ್ಲ. ಕೋಟೆಯ ಊರಿನಲ್ಲಿ ಮಸೀದಿ ಎಬ್ಬಿಸುವುದು ಅಧಿಕಾರದ ಘೋಷಣೆ. ಹಳ್ಳಿಯೊಂದನ್ನು ಮಠಕ್ಕೆ ಬಿಡುವುದು ಆಡಳಿತದ ವ್ಯವಹಾರ. ಒಬ್ಬನೇ ಎರಡನ್ನೂ ಮಾಡಿದ ಉದಾಹರಣೆಗಳು ದಖ್ಖನಿನಲ್ಲಿ ಬೇಕಾದಷ್ಟಿವೆ. ಅವನನ್ನು ಮತಾಂಧ ಎಂದು ತಳ್ಳುವವರಿಗೂ ಸಂತನೆಂದು ಎತ್ತುವವರಿಗೂ ಈ ಮನುಷ್ಯ ಪೂರ್ತಿ ದಕ್ಕುವುದಿಲ್ಲ. ಮಸೀದಿಯ ಮೇಲೆ ಅವನಿಗಿದ್ದ ಮೋಹವೇ ಕೊನೆಗೆ ಕೋಟೆಯನ್ನು ಕಳೆಯಿತೆಂಬ ಐತಿಹ್ಯವೂ ಇದೆ. ವಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಬಿದ್ದ ಮೇಲೆ ಔರಂಗಜೇಬ ಆದೋನಿಗೆ ಕಳಿಸಿದ್ದು ಗಾಜಿಉದ್ದೀನ್ ಫಿರೋಜ್ ಜಂಗನನ್ನು, ಮುಂದೆ ಹೈದರಾಬಾದಿನ ಮೊದಲ ನಿಜಾಮನಾದವನ ತಂದೆಯನ್ನು. ಬೆಟ್ಟ ಹತ್ತಲಾಗದೆ ಬೇಸತ್ತ ಮೊಘಲರು ತೋಪುಗಳನ್ನು ಮಸೀದಿಯತ್ತ ತಿರುಗಿಸಿದರಂತೆ. ಅದು ಒಡೆಯುವುದನ್ನು ನೋಡಲಾರದೆ ಮಸೂದ್ ಬಾಗಿಲು ತೆರೆದನಂತೆ. ತೋಪಿನ ಕಥೆ ನಿಜವಿರಲಿ ಬಿಡಲಿ, 1688ರಲ್ಲಿ ಕೋಟೆ ಶರಣಾದದ್ದು ನಿಜ. ಆದೋನಿಗೆ ಇಮ್ತಿಯಾಜ್‌ಗಢ ಎಂದು ಮರುನಾಮಕರಣವಾಯಿತು. ಆ ಹೆಸರು ಜನರ ಬಾಯಲ್ಲಿ ನಿಲ್ಲಲಿಲ್ಲ ಎಂಬುದೊಂದು ಸಮಾಧಾನ.

ಹಬ್ಶಿ ಆದೋನಿ ಅಲ್ಲಿಗೆ ಮುಗಿಯಿತು. ಮುಂದೆ ನಿಜಾಮನ ತಮ್ಮ ಬಸಾಲತ್ ಜಂಗ್, 1786ರಲ್ಲಿ ಕೋಟೆ ಮುರಿದ ಟಿಪ್ಪು, 1800ರಲ್ಲಿ ಕಂಪನಿ ಎಂದು ಇತಿಹಾಸ ಓಡುತ್ತದೆ. ಆದರೆ ಅಷ್ಟು ಕಾಲ ಆಳಿದವರ ಗುರುತು ಇಷ್ಟು ಬೇಗ ಅಳಿಯಿತೇಕೆ? ಕೇರಳದ ಯಹೂದಿಗಳ ಜೊತೆ ಹೋಲಿಸಿದರೆ ಉತ್ತರದ ಸುಳಿವು ಸಿಗುತ್ತದೆ. ಪರವೂರು, ಮಾಳ, ಚೇಂದಮಂಗಲಂಗಳಂಥ ಸಣ್ಣ ಊರುಗಳಲ್ಲಿದ್ದ ಆ ಸಮುದಾಯ ಎಂದೂ ರಾಜ್ಯ ಆಳಿದ್ದಲ್ಲ, ಕೋಟೆ ಕಾಯ್ದದ್ದಲ್ಲ. ಇಸ್ರೇಲ್ ಹುಟ್ಟಿದ ಮೇಲೆ, 1950ರ ದಶಕದಲ್ಲಿ ಹೆಚ್ಚಿನವರು ಊರನ್ನೇ ಬಿಟ್ಟು ಹೋದರು. ಆದರೂ ಅವರ ಇತಿಹಾಸ ಉಳಿದಿದೆ. ಸುಮಾರು ಕ್ರಿ.ಶ. 1000ರಲ್ಲಿ ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನ್‌ಗೆ ಬರೆದುಕೊಟ್ಟ ತಾಮ್ರಪಟ ಅವರ ಬಳಿ ಉಳಿಯಿತು; ಕೊಚ್ಚಿಯಲ್ಲಿ 1568ರ ಪ್ರಾರ್ಥನಾಮಂದಿರ ನಿಂತಿದೆ; ಹೆಂಗಸರು ತಲೆಮಾರಿನಿಂದ ತಲೆಮಾರಿಗೆ ಮಲಯಾಳ ಹಾಡುಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟರು. ಕುಟುಂಬ, ಧರ್ಮಶಾಸ್ತ್ರ, ಮದುವೆಯ ಕಟ್ಟು, ಬರಹ ಎಲ್ಲವೂ ಅವರ ಜೊತೆಗೇ ಬಂದಿದ್ದವು. ಹಬ್ಶಿ ಹುಡುಗನಿಗೆ ತಾಯಿಯ ಭಾಷೆಯನ್ನು, ಹುಟ್ಟಿದ ಹೆಸರನ್ನು ಮೊದಲ ಮಾರುಕಟ್ಟೆಯಲ್ಲೇ ಕಿತ್ತುಕೊಂಡಿದ್ದರು. ಅವನು ಸೇರಿದ ಧರ್ಮ ದೊಡ್ಡದು, ಅದರೊಳಗೆ ಬೇರೆಯಾಗಿ ಉಳಿಯಲು ಕಾರಣವೇ ಇರಲಿಲ್ಲ. ಇಲ್ಲಿನ ಹೆಣ್ಣುಗಳನ್ನು ಮದುವೆಯಾದವರ ಮಕ್ಕಳು, ಮೊಮ್ಮಕ್ಕಳು ಊರಿನ ಮುಸ್ಲಿಮರಲ್ಲಿ ಬೆರೆತರು. ಮಸೂದನ ಮಕ್ಕಳು ಮೊಘಲ್ ಮನ್ಸಬುದಾರರಾದರು.

ಹಾಗಾದರೆ ಉತ್ತರ ಕನ್ನಡದ ಸಿದ್ದಿಗಳು ಹೇಗೆ ಉಳಿದರು ಎಂದು ಕೇಳಬಹುದು. ಹಳಿಯಾಳ, ಯಲ್ಲಾಪುರ, ಅಂಕೋಲೆಯ ಕಾಡಂಚಿನ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ; 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಬಂತು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನನ್ನ ವಾದಕ್ಕೆ ಇದು ಪ್ರತಿಸಾಕ್ಷಿಯಲ್ಲ, ಪುಷ್ಟಿ. ಅವರಲ್ಲಿ ಬಹುಪಾಲು ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರ ವಂಶ ಎನ್ನುತ್ತಾರೆ. ಕಾಡು ಸೇರಿ ಒಟ್ಟಿಗೆ ಬಾಳಿದವರಿಗೆ ತಾವು ಯಾರೆಂಬುದು ಮರೆಯಲಿಲ್ಲ, ಬೇರೆಯವರು ಮರೆಯಲೂ ಬಿಡಲಿಲ್ಲ. ಕೋಟೆ, ಖಿಲ್ಲತ್ತು, ಖಾನ್ ಎಂಬ ಬಿರುದು ಸಿಕ್ಕವರಿಗೆ ಕರಗಿಹೋಗುವ ಸವಲತ್ತೂ ಸಿಕ್ಕಿತು.

ಇದರ ಮೇಲೆ ನಮ್ಮ ಗಡಿಗಳ ಅವಾಂತರ ಬೇರೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಆದೋನಿಯೊಡನೆ ಮಂತ್ರಾಲಯವೂ ಹೋಯಿತು. ಅಂದಿನಿಂದ ಕನ್ನಡದ ಇತಿಹಾಸಕಾರರಿಗೆ ಅದು ಪರರಾಜ್ಯದ ವಿಷಯ, ತೆಲುಗು ಇತಿಹಾಸಕಾರರಿಗೆ ವಿಜಾಪುರದ ವಿಷಯ. ಪ್ರತಿವರ್ಷ ಆರಾಧನೆಗೆ ಲಕ್ಷಗಟ್ಟಲೆ ಕನ್ನಡಿಗರು ಹೋಗುವ ಊರಿನ ದಾನಿಯ ಮೇಲೆ ಇಷ್ಟು ಅಸಡ್ಡೆ ಏಕೆಂದು ಸಿಟ್ಟು ಬರುತ್ತದೆ. ಹುಡುಕುವವರಿಗೆ ದಾರಿ ಮುಚ್ಚಿಲ್ಲ. ಶಾಹಜಹಾನ್, ಔರಂಗಜೇಬರ ಕಾಲದ ದಖ್ಖನ್ ಆಡಳಿತದ ಪಾರಸಿ ಕಾಗದಗಳ ದೊಡ್ಡ ರಾಶಿ ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿದೆ. ಇಮ್ತಿಯಾಜ್‌ಗಢದ ಜಾಗೀರುಗಳನ್ನೂ ಮಸೂದನ ಮಕ್ಕಳ ಮನ್ಸಬನ್ನೂ ಹುಡುಕುವುದಾದರೆ ಅಲ್ಲಿಂದ ಶುರುಮಾಡಬೇಕು. ಅದಕ್ಕೆ ಪಾರಸಿ, ಮೋಡಿ, ಕನ್ನಡ ಮೂರನ್ನೂ ಓದಬಲ್ಲವರು ಬೇಕು. ಪಾರಸಿಯ ಕಡತವನ್ನೂ ಮಠದ ಓಲೆಯನ್ನೂ ಒಂದೇ ಮೇಜಿನ ಮೇಲಿಟ್ಟು ಓದುವಂಥ ಒಬ್ಬರನ್ನು ತಯಾರುಮಾಡುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು.