ಹಲವು ಕೈಗಳ ಒಂದು ಲೆಕ್ಕ

ಒಂದು ಮಂಡಿಯಲ್ಲಿ ನಾಲ್ವರು ಗುಮಾಸ್ತರಿದ್ದು, ಪ್ರತಿಯೊಬ್ಬನೂ ಒಂದೇ ವ್ಯವಹಾರವನ್ನು ತನ್ನ ತನ್ನ ಖಾತೆಪುಸ್ತಕದಲ್ಲಿ ಬರೆದಿಡುವನೆಂದು ಭಾವಿಸೋಣ. ಸಂಜೆ ನಾಲ್ಕು ಮೊತ್ತಗಳೂ ಒಂದೇ ಆದರೆ ಯಜಮಾನನಿಗೆ ನೆಮ್ಮದಿ. ಒಂದು ಬೇರೆಯಾದರೆ ಎಲ್ಲಿಯೋ ತಪ್ಪಿದೆಯೆಂಬುದು ಕೂಡಲೆ ತಿಳಿಯುವುದು. ಬ್ಲಾಕ್‌ಚೈನ್ ಎಂಬ ಲೆಕ್ಕಪತ್ರದ ಜೀವಾಳವೂ ಇದೇ. ಆದರೆ ಇಲ್ಲಿ ಯಜಮಾನನಿಲ್ಲ. ಲೋಕದ ನಾನಾ ಕಡೆಗಳಲ್ಲಿರುವ ಸಾವಿರಾರು ಗಣಕಯಂತ್ರಗಳು ವ್ಯವಹಾರಗಳನ್ನು ಕಂತೆಕಂತೆಯಾಗಿ ಪೋಣಿಸಿ ಒಂದೇ ಖಾತೆಯನ್ನು ಬರೆಯುತ್ತಿರುತ್ತವೆ.

೨೦೧೫ರ ಜುಲೈ ೩೦ರಂದು ಆರಂಭವಾದ ಇಥೀರಿಯಮ್ ಇಂತಹ ಒಂದು ಜಾಲ. ಅದರ ನಿಯಮಾವಳಿ ಒಂದೇ. ನಿಯಮಗಳನ್ನು ಆಚರಣೆಗೆ ತರುವ ಪ್ರೋಗ್ರಾಮುಗಳು ಹಲವು. ಇವಕ್ಕೆ ‘ಕ್ಲೈಂಟ್’ ಎಂದು ಹೆಸರು. ೨೦೨೨ರ ಸೆಪ್ಟೆಂಬರಿನಿಂದ ಎರಡು ಬಗೆಯ ಕ್ಲೈಂಟ್‌ಗಳು ಜೊತೆಯಾಗಿ ನಡೆಯುತ್ತಿವೆ: ಒಂದು ಲೆಕ್ಕ ಮಾಡುವುದು, ಇನ್ನೊಂದು ಕಂತೆಗಳಿಗೆ ಮತ ಹಾಕುವುದು. ಮತ ಹಾಕುವವುಗಳಲ್ಲಿ ಲೈಟ್‌ಹೌಸ್ ರಸ್ಟ್ ಭಾಷೆಯಲ್ಲಿಯೂ, ಪ್ರಿಸ್ಮ್ ಗೋ ಭಾಷೆಯಲ್ಲಿಯೂ, ಟೆಕು ಜಾವಾದಲ್ಲಿಯೂ, ನಿಂಬಸ್ ನಿಮ್ ಭಾಷೆಯಲ್ಲಿಯೂ ರಚಿತವಾಗಿವೆ. ಒಂದರಲ್ಲಿ ದೋಷವಿದ್ದರೂ ಉಳಿದವು ಜಾಲವನ್ನು ಕಾಯಲೆಂಬುದು ಉದ್ದೇಶ.

ಆದರೆ ನಿಯಮವನ್ನು ಇಬ್ಬರು ಬೇರೆ ಬೇರೆಯಾಗಿ ಆಚರಿಸಿದರೆ? ೨೦೧೬ರ ನವೆಂಬರ್ ೨೪ರಂದು ಹಾಗೆಯೇ ಆಯಿತು. ಬರಿದಾದ ಖಾತೆಗಳನ್ನು ಅಳಿಸುವ ನಿಯಮ ಆಗತಾನೆ ಜಾರಿಗೆ ಬಂದಿತ್ತು. ಶುಲ್ಕ ಸಾಲದೆ ವ್ಯವಹಾರವು ಅರ್ಧಕ್ಕೆ ನಿಂತರೆ, ಅಳಿಸಿದುದನ್ನು ಮರಳಿ ಬರೆಯಬೇಕು. ಗೆತ್ ಎಂಬ ಕ್ಲೈಂಟ್ ಇದನ್ನು ಮಾಡದೆ ಹೋಯಿತು. ೨೬,೮೬,೩೫೧ನೆಯ ಕಂತೆಯಲ್ಲಿ ಗೆತ್ ಒಂದು ದಾರಿಯನ್ನೂ ಪ್ಯಾರಿಟಿ ಇನ್ನೊಂದು ದಾರಿಯನ್ನೂ ಹಿಡಿದವು. ಜನರ ಹಣವಿರುವ ಖಾತೆಯೇ ಇಬ್ಭಾಗವಾಯಿತು!

ಇಂತಹ ಭಿನ್ನಾಭಿಪ್ರಾಯವನ್ನು ಮೊದಲೇ ಹೊರಗೆಡಹಲು ಸ್ಥಳೀಯ ಪರೀಕ್ಷಾಜಾಲವನ್ನು ಕಟ್ಟುತ್ತಾರೆ. ಒಂದು ಒಳ್ಳೆಯ ಗಣಕಯಂತ್ರವಿದ್ದರೆ ಸಾಕು. ಮೊದಲು ಬೇಕಾದುದು ಆದಿಪತ್ರ. ಜಾಲದ ಗುರುತುಸಂಖ್ಯೆ, ಆರಂಭದ ಸಮಯ, ಮೊದಲ ಶಿಲ್ಕುಗಳು, ಮತದಾರರ ಕೀಲಿಗಳು ಇದರಲ್ಲಿರುತ್ತವೆ. ಎಲ್ಲ ಕ್ಲೈಂಟ್‌ಗಳಿಗೂ ಅಕ್ಷರವೂ ಬದಲಾಗದ ಅದೇ ಪತ್ರ ದೊರೆಯಬೇಕು. ಇಲ್ಲವಾದರೆ ಮೊದಲ ಹೆಜ್ಜೆಯಲ್ಲಿಯೇ ಅವು ಪರಸ್ಪರ ಅಪರಿಚಿತರಾಗುವುವು. ಬಳಿಕ ಒಂದರ ವಿಳಾಸವನ್ನು ಉಳಿದವಕ್ಕೆ ಕೊಟ್ಟು ಮಾತುಕತೆ ಬೆಳೆಸಬೇಕು. ಮುಖ್ಯ ಜಾಲದಲ್ಲಿ ೧೨ ಸೆಕೆಂಡುಗಳ ೩೨ ಸರದಿಗಳಿಗೆ ಒಂದು ಸುತ್ತು. ಪರೀಕ್ಷೆಗೆ ೬ ಸೆಕೆಂಡುಗಳ ೮ ಸರದಿ ಸಾಕು. ಆರು ನಿಮಿಷಕ್ಕೂ ಮಿಕ್ಕ ಕಾಯುವಿಕೆ ೪೮ ಸೆಕೆಂಡಿಗೆ ಇಳಿಯುವುದು.

ಈಗ ೬೪ ಮತಗಳನ್ನು ನಾಲ್ಕು ಕ್ಲೈಂಟ್‌ಗಳಿಗೆ ೧೬ರಂತೆ ಹಂಚೋಣ. ಕಂತೆಗಳು ಖಾಯಂ ಆಗಲು ಮೂರನೆಯ ಎರಡು ಪಾಲು, ಎಂದರೆ ೪೩ ಮತ ಬೇಕು. ಒಂದು ಕ್ಲೈಂಟನ್ನು ನಿಲ್ಲಿಸಿದರೆ ೪೮ ಉಳಿಯುವುದರಿಂದ ಕೆಲಸ ಸಾಗುವುದು. ಇನ್ನೊಂದನ್ನೂ ನಿಲ್ಲಿಸಿದರೆ ಉಳಿಯುವುದು ೩೨. ಹೊಸ ಕಂತೆಗಳು ಬಂದರೂ ಖಾಯಂ ಆಗವು. ಎರಡನ್ನೂ ಮರಳಿ ಎಬ್ಬಿಸಿ, ಅವು ಹಿಂದುಳಿದ ಲೆಕ್ಕವನ್ನು ಹಿಡಿದು ಸೇರಿಕೊಳ್ಳುವವೋ ಎಂದು ನೋಡಬೇಕು. ಪ್ರತಿ ಕಂತೆಯ ಕೊನೆಗೆ ಇಡೀ ಖಾತೆಯ ಸಾರವನ್ನು ‘ಹ್ಯಾಶ್’ ಎಂಬ ೩೨ ಬೈಟುಗಳ ಸಂಖ್ಯೆಯಲ್ಲಿ ಹಿಡಿದಿಡುತ್ತಾರೆ. ಒಂದು ಪೈಸೆ ತಪ್ಪಿದರೂ ಆ ಸಂಖ್ಯೆ ಪೂರ್ತಿ ಬದಲಾಗುವುದರಿಂದ ಕಳ್ಳಲೆಕ್ಕ ಅಡಗಲಾರದು.

ಇಷ್ಟಾದರೂ ಪರೀಕ್ಷೆಗೆ ಮಿತಿಯುಂಟು. ೨೦೨೫ರ ಫೆಬ್ರವರಿ ೨೪ರಂದು ಹೋಲ್ಸ್ಕಿ ಎಂಬ ಸಾರ್ವಜನಿಕ ಪರೀಕ್ಷಾಜಾಲದಲ್ಲಿ ಪೆಕ್ಟ್ರಾ ಎಂಬ ಹೊಸ ನಿಯಮಗುಚ್ಛ ಜಾರಿಗೆ ಬಂದಿತು. ಗೆತ್, ನೆದರ್‌ಮೈಂಡ್, ಬೆಸು ಈ ಮೂರರಲ್ಲಿಯೂ ಆ ಜಾಲದ ಠೇವಣಿ ವಿಳಾಸ ಸರಿಯಾಗಿ ನಮೂದಾಗಿರಲಿಲ್ಲ. ತಪ್ಪು ಕಂತೆಯನ್ನು ಬಹುಮತವೇ ಒಪ್ಪಿತು! ಜಾಲ ಚೇತರಿಸಿಕೊಳ್ಳಲು ಸುಮಾರು ಎರಡು ವಾರ ಹಿಡಿಯಿತು. ಸ್ಥಳೀಯ ಜಾಲದ ಆದಿಪತ್ರದಲ್ಲಿ ಅದರದೇ ವಿಳಾಸವಿರುವುದರಿಂದ ಇಂತಹ ತಪ್ಪು ಅಲ್ಲಿ ಕಾಣಿಸದು. ಹೋಲ್ಸ್ಕಿಯಲ್ಲಿದ್ದುದು ಬೆಲೆಯಿಲ್ಲದ ನಾಣ್ಯವಾದುದರಿಂದ ಯಾರ ಗಂಟೂ ಹೋಗಲಿಲ್ಲ; ಮುಖ್ಯ ಜಾಲ ಮೇ ೭ರಂದು ಪೆಕ್ಟ್ರಾಕ್ಕೆ ದಾಟಿತು.

ಹಲವರು ಒಪ್ಪಿದ ಮಾತ್ರಕ್ಕೆ ಲೆಕ್ಕ ಸರಿಯೆನ್ನುವಂತಿಲ್ಲ; ಎಲ್ಲರೂ ಒಂದೇ ತಪ್ಪನ್ನು ಮಾಡಿರಬಹುದು. ಆದುದರಿಂದ ಪರೀಕ್ಷಕನು ಉತ್ತರಗಳನ್ನು ಒಂದಕ್ಕೊಂದು ತಾಳೆನೋಡಿದ ಮೇಲೆ ಲಿಖಿತ ನಿಯಮದೊಡನೆಯೂ ತಾಳೆನೋಡಬೇಕಾಗಿದೆ.